ನಲವತ್ತೊಂದು ಚೀಲ

ತಮ್ಮ ತೀರಿಕೊಂಡ ಸುದ್ದಿ ತಿಳಿದ ದಿನವೇ ಅವನ ಫೋನಿಗೆ ರಕ್ತನಿಧಿಯಿಂದ ‘ರಕ್ತ ಕೊಡಲು ಬನ್ನಿ’ ಎಂಬ ಸಂದೇಶ ಬಂದಿತ್ತು. ಅದು ಮತ್ತೆ ಬಂದು ತಮ್ಮನ ಹೆಂಡತಿಯ ಎದೆ ಒಡೆಯಬಾರದೆಂದು, ಹೆಸರು ತೆಗೆಸಲು ರಕ್ತನಿಧಿಗೆ ಬಂದ ಅಣ್ಣ ಬೆಂಚಿನ ಮೇಲೆ ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದರು. ಕಿಟಕಿಯೊಳಗೆ ಹೊಸ ಗುಮಾಸ್ತೆ ತನ್ನ ಹಿರಿಯ ಸಹೋದ್ಯೋಗಿಯನ್ನು ಕೇಳುತ್ತಿದ್ದಳು.

“ಅಕ್ಕಾ, ಆ ತಾತನ ತಮ್ಮನ ಹೆಸರಿರೋ ಸಾಲು ಅಳಿಸೋಕೆ ಹೋದ್ರೆ ಕಂಪ್ಯೂಟರ್ ಬಿಡ್ತಾನೇ ಇಲ್ಲ.”

“ಬಿಡಲ್ಲ ಕಣೇ. ದಾನಿಗಳ ಟೇಬಲ್‌ನಲ್ಲಿ ಅವರು ಎಷ್ಟು ಸಲ ಇದ್ದಾರೆ?”

“ಒಂದೇ ಸಲ.”

“ರಕ್ತದ ಚೀಲಗಳ ಟೇಬಲ್‌ನಲ್ಲಿ?”

“ಅಲ್ಲಿ ಹೆಸರಿಲ್ಲ. ಅವರ ನಂಬರ್ ಮಾತ್ರ, ನಲವತ್ತೊಂದು ಸಲ.”

“ಆ ನಂಬರೇ ಕೊಂಡಿ. ಇಲ್ಲಿ ಸಾಲು ಹೋದ್ರೆ ಆ ನಲವತ್ತೊಂದು ಚೀಲ ಯಾರದ್ದು ಅಂತೀಯಾ? ನಿಮ್ಮಪ್ಪಂದಾ?”

“ನಮ್ಮಪ್ಪ ಸೂಜಿ ಕಂಡ್ರೆ ಓಡ್ತಾರೆ. ಬೇಗ ಹೇಳಕ್ಕ, ತಾತ ಹತ್ತು ಸಲ ಎದ್ದು ನೋಡಿದ್ರು.”

“ಸಾಲು ಇರಲಿ. ತೀರಿಕೊಂಡ ದಿನಾಂಕ ತುಂಬು. ಸಂದೇಶ ನಿಲ್ಲತ್ತೆ, ಕೊಟ್ಟ ರಕ್ತ ಅವರ ಹೆಸರಲ್ಲೇ ಉಳಿಯತ್ತೆ.”

“ಇನ್ನು ಸಂದೇಶ ಬರಲ್ಲ ತಾತ” ಎಂದು ಹೇಳಿ ಇಬ್ಬರೂ ಊಟಕ್ಕೆ ಹೊರಟರು.

ತಮ್ಮ ಎರಡೋ ಮೂರೋ ಸಲ ಕೊಟ್ಟಿರಬೇಕೆಂದು ಮನೆಯವರೆಲ್ಲ ತಿಳಿದಿದ್ದರು; ನಲವತ್ತೊಂದು ಎಂಬುದು ಈಗಷ್ಟೇ ಕಿಟಕಿಯಿಂದ ಅಣ್ಣನ ಕಿವಿಗೆ ಬಿದ್ದಿತ್ತು. ಅಣ್ಣ ಅಲ್ಲೇ ಕೈಮುಗಿದು ನಿಂತರು. ದೇವರೇ, ಅವನ ಜೀವಕ್ಕೆ ನೆಮ್ಮದಿ ಕೊಡು. ಅವನ ರಕ್ತ ಹರಿಯುತ್ತಿರುವ ಮೈಗಳೆಲ್ಲ ಚೆನ್ನಾಗಿರಲಿ.