ವಿಠೋಬಾ ನನಗೆ ಕೊಡದೆ ಹೋದ ಖುರ್ಚಿ

ಸಿದ್ದನವಾಡಿಯ ಹಿರಿಯರೇ, ನಮ್ಮ ಬಾಳಿಕಟ್ಟಿಯ ಬಂಧುಗಳೇ, ಸಮುದ್ರದ ದಂಡೆ ಬಿಟ್ಟು, ಘಾಟ್ ಹತ್ತಿ, ಎಸ್.ಟಿ. ಬಸ್ಸಿನಲ್ಲಿ ಮೈ ಕುಲುಕಿಸಿಕೊಂಡು ಈ ಮಿರಜದವರೆಗೆ ಬಂದ ಮಾಡಬಂದರದ ಅಕ್ಕ ತಮ್ಮಂದಿರೇ — ಮುಂದಿನ ಸಾಲಿನಲ್ಲಿ ಕುಳಿತಿರುವ ವಿಠೋಬಾನ ಮನೆಯಾಕೆ ಇಂದ್ರವ್ವ ವೈನಿಯವರೇ, ಅವನ ಮಗಳೇ ಮಂಗಲಾ — ಎಲ್ಲರಿಗೂ ಈ ರಾವಸಾಬನ ನಮಸ್ಕಾರ.

ಈ ಮೈಕು ತೆಗೆಯಿರಿ. ಬೇಡ, ತೆಗೆಯಿರಿ. ನಮ್ಮಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ. ನಾನು ಪರದೆಯ ಹಗ್ಗದ ಕೆಳಗೆ ತೊಟ್ಟಿಲಲ್ಲಿ ಮಲಗಿದವನು, ರಾಜಪಾರ್ಟಿನ ಕೂಗು ಕೇಳಿ ಎಚ್ಚರಾದವನು. ಮಿರಜ ಸ್ಟೇಷನ್ನಿನಲ್ಲಿ ಗಾಡಿ ಕೂಗಿದರೂ ನನ್ನ ಮಾತು ಹಿಂದಿನ ಸಾಲಿಗೆ ಮುಟ್ಟುತ್ತದೆ. ಕೇಳಿಸುತ್ತಿದೆಯೇ, ಹಿಂದಿನವರೇ? — ಹಾಂ.

ವಿಠೋಬಾನ ಆ ಫೋಟೋ ನೋಡಿ. ಎಷ್ಟು ದೊಡ್ಡ ಹಾರ! ನಾನೂ ಸರಪಂಚ, ಅವನೂ ಸರಪಂಚ. ನನಗೆ ಈ ಜನ್ಮದಲ್ಲಿ ಇಷ್ಟು ದೊಡ್ಡ ಹಾರ ಯಾರೂ ಹಾಕಲಿಲ್ಲ. ಮತ್ತು ಈ ಜನ! ಬಾಗಿಲಾಚೆ ಚಪ್ಪಲಿಯ ರಾಶಿ ನೋಡಿದೆ, ಎಣಿಸುತ್ತ ನಿಂತೆ. ನಾನು ಸತ್ತರೆ ಇಷ್ಟು ಚಪ್ಪಲಿ ಬರುತ್ತವೆಯೇ? ನಗಿರಿ ವೈನಿ, ನಗಿರಿ. ಅವನೂ ನಗುತ್ತಿದ್ದ.

ಬಂಧುಗಳೇ, ನನಗೆ ವಿಠೋಬಾನ ಮೇಲೆ ಹೊಟ್ಟೆಕಿಚ್ಚು ಇತ್ತು. ಇತ್ತು ಅಲ್ಲ — ಇದೆ. ಊದುಬತ್ತಿಯ ಹೊಗೆಯ ಹಿಂದೆ ಅವನ ಮೀಸೆ ಕಾಣುತ್ತಿದೆಯಲ್ಲ, ಅದನ್ನು ನೋಡಿದರೆ ಈಗಲೂ ಉರಿಯುತ್ತದೆ.

ಅವನ ಸಿದ್ದನವಾಡಿಗೂ ನನ್ನ ಬಾಳಿಕಟ್ಟಿಗೂ ನಡುವೆ ಒಂದು ಹಳ್ಳ. ನಾನು ಹಳ್ಳದ ಈಚೆ ನೀರಿನ ಟಾಕಿ ಕಟ್ಟಿಸಿದರೆ, ಅವನು ಆಚೆ ಒಂದು ಮೊಳ ಎತ್ತರದ್ದು ಕಟ್ಟಿಸುತ್ತಿದ್ದ. "ಯಾಕೋ ವಿಠೋಬಾ?" ಅಂದರೆ, "ನಮ್ಮ ಊರ ಮಂದಿಗೆ ನೀರಡಿಕಿ ಜಾಸ್ತಿ ನೋಡಪಾ" ಅನ್ನುತ್ತಿದ್ದ. ನನಗಿಂತ ಮೊದಲು ಮಾತಾಡಿದವರು ಅವನನ್ನು ಸಾಧು ಮನುಷ್ಯ ಎಂದರು. ಯಾರು ಸಾಧು? ಇಸ್ಪೀಟು ಆಡುವಾಗ ಎಲೆಯನ್ನು ರುಮಾಲಿನೊಳಗೆ ಸೇರಿಸುತ್ತಿದ್ದವನೇ? ಸೋತರೆ ಹಿಂದಿನ ಆಟದ್ದೂ ಜಗಳ ತೆಗೆಯುತ್ತಿದ್ದವನೇ? ಸಾಧು ಅಲ್ಲ. ಸಾಧುವಾಗಿದ್ದರೆ ನಾನು ಕೈ ಮುಗಿದು ಸುಮ್ಮನಾಗುತ್ತಿದ್ದೆ. ನನ್ನಂಥವನೇ ಆಗಿದ್ದು ನನಗಿಂತ ಮುಂದೆ ಹೋದ — ಅದು ಸಂಕಟ.

ಈಗ ಸಮುದ್ರದ ಕಥೆ ಕೇಳಿ. ನಮ್ಮ ಊರಿಗೂ ಸಮುದ್ರಕ್ಕೂ ಏನು ಸಂಬಂಧ? ಸಂಬಂಧ ಕುರಿಯದು. ವಿಠೋಬಾನದು ಕುರಿಗಾರರ ಮನೆ. ಅವನ ಅಪ್ಪ ದಸರೆ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಘಾಟ್ ಇಳಿದು ಕೊಂಕಣಕ್ಕೆ ಹೋಗುತ್ತಿದ್ದ. ಮಾಡಬಂದರದ ಭತ್ತದ ಗದ್ದೆಗಳಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗದ್ದೆಗೆ ಗೊಬ್ಬರ, ಕುರಿಗಾರನಿಗೆ ಅಕ್ಕಿ. ಆ ದಂಡೆಯಲ್ಲಿ ವಿಠೋಬಾ ಮೀನುಗಾರರ ಮಕ್ಕಳ ಜೊತೆ ಆಡಿ ಬೆಳೆದ. ಅದಕ್ಕೇ ಚಂಡಮಾರುತ ಬಂದು ಮಾಡಬಂದರದ ಹೆಂಚೆಲ್ಲ ಹಾರಿ, ದೋಣಿಗಳು ಒಡೆದು ಬಿದ್ದ ವರ್ಷ ಅವನು ಎರಡೂ ಊರಿನ ಕೂಡುಸಭೆ ಕರೆದ.

ಆ ಸಭೆಯಲ್ಲಿ ಮಾತಾಡಿದವನು ಯಾರು? ಈ ರಾವಸಾಬ! ಕೈ ಹೀಗೆ ಎತ್ತಿ — "ಎಲೈ ಸಮುದ್ರರಾಜಾ! ನಿನ್ನ ಸೊಕ್ಕು ಸಾಕು ಮಾಡು!" ಅಂದೆ. ಚಪ್ಪಾಳೆ! ಶಿಳ್ಳೆ! ಮುದುಕಿಯರು ಕಣ್ಣೊರೆಸಿಕೊಂಡರು. ಆಗ ಆ ಮೂಲೆಯಿಂದ ಇವನು ಎದ್ದ. ತಂಬಾಕು ಉಗುಳಿ ಬಂದು ಹೇಳಿದ:

"ರಾವಸಾಬ ಸಮುದ್ರಕ್ಕ ಬೈದಾನ, ಬೇಸ್ ಆತು. ಈಗ ಯಾರ್ಯಾರ ಮನ್ಯಾಗ ಕಂಬಳಿ ಅದಾವ, ತರ್ರಿ."

ಅಷ್ಟೇ! ಅಷ್ಟಕ್ಕೇ ಸಭೆ ಎದ್ದು ಮನೆಗೆ ಓಡಿತು. ಸಂಜೆಯೊಳಗೆ ಲಾರಿ ತುಂಬ ಕಂಬಳಿ, ಜೋಳ, ತಗಡಿನ ಹಾಳೆ, ಜೊತೆಗೆ ಮಾಡು ಹೊದಿಸಲು ಬಲ್ಲ ಆಳುಗಳು. ನಾನು ಅಷ್ಟು ಹೊತ್ತು ಗಂಟಲು ಹರಿದುಕೊಂಡದ್ದು ಯಾರಿಗಾಗಿ?

ಇರಲಿ ಅಂದೆ. ನಾನೂ ಒಂದು ಉಪಾಯ ಮಾಡಿದೆ. ಸಾಂಗ್ಲಿಯಲ್ಲಿ ಬ್ಯಾನರ್ ಬರೆಸಿದೆ. ನನ್ನ ಫೋಟೋ ಇಷ್ಟು ಅಗಲ, ಅವನದು ಇಷ್ಟೇ, ಅಂಚೆಚೀಟಿಯಷ್ಟು. ಲಾರಿಯ ಮುಂದೆ ಕಟ್ಟಿದೆ. ಬಂಧುಗಳೇ, ಘಾಟಿನ ಗಾಳಿಗೂ ಅವನಿಗೂ ಏನು ಒಪ್ಪಂದವಿತ್ತೋ! ಬ್ಯಾನರ್ ಹರಿಯಿತು. ನನ್ನ ಅರ್ಧ ಕಣಿವೆಗೆ ಹೋಯಿತು. ಅಂಚೆಚೀಟಿ ಉಳಿಯಿತು! ಮಾಡಬಂದರ ಮುಟ್ಟಿದಾಗ ಒಬ್ಬ ಅಜ್ಜಿ ಅದನ್ನು ನೋಡಿ, "ಅರೇ, ಆಪ್ಲಾ ಇಠೋಬಾ!" — ನಮ್ಮ ವಿಠೋಬಾ! — ಎಂದು ಓಡಿ ಬಂದು ಅವನ ಗಲ್ಲ ಹಿಡಿದಳು. ನನ್ನ ಕಡೆ ತಿರುಗಿ ಕೇಳಿದಳು, ಡ್ರೈವರ್ ನೀನೇ ಏನು, ಊಟ ಮಾಡಿದೆಯಾ ಅಂತ.

ಡ್ರೈವರ್!

ಮರುವರ್ಷ ನಮ್ಮ ಕೃಷ್ಣೆ ಏರಿದಳು. ಸಾಂಗ್ಲಿವಾಡಿಯಲ್ಲಿ ನನ್ನ ತಂಗಿ ತುಳಸಾಬಾಯಿಯ ಮನೆ. ಅವಳನ್ನು ಕರೆತರಲು ಹೋದವನು ನಾನೇ ಮಾಳಿಗೆಯ ಮೇಲೆ ಸಿಕ್ಕಿಬಿದ್ದೆ. ಸುತ್ತ ಕೆಂಪು ನೀರು. ಆಗ ಓಣಿಯಲ್ಲಿ ಒಂದು ದೋಣಿ ಬಂತು. ನಮ್ಮ ಕಡೆಯ ದೋಣಿಯಲ್ಲ — ಚೂಪು ಮೂತಿಯ, ಬಣ್ಣ ಬಳಿದ ಸಮುದ್ರದ ದೋಣಿ. ಮಾಡಬಂದರದವರು ಯಾರೂ ಕರೆಯದೆ ದೋಣಿಗಳನ್ನು ಲಾರಿಯ ಮೇಲೆ ಹೇರಿಕೊಂಡು ಬಂದಿದ್ದರು. ಚುಕ್ಕಾಣಿಗೆ ಗಣು ತಾಂಡೇಲ. ದೋಣಿಯ ಯಜಮಾನನಿಗೆ ಅವರು ತಾಂಡೇಲ ಅನ್ನುತ್ತಾರೆ. ಅಲ್ಲೇ ಕುಳಿತಿದ್ದಾರೆ ನೋಡಿ, ನಮಸ್ಕಾರ ತಾಂಡೇಲರೇ. ಮುಂದಿನ ಮೂತಿಯ ಮೇಲೆ ಯಾರು? ರುಮಾಲು ಸುತ್ತಿಕೊಂಡು, ಬಾಯಿ ತುಂಬ ನಗುತ್ತ — ಇವನು!

"ಏ ನಾಟಕದವ! ಪರದೆ ಬಿತ್ತು, ಕೆಳಗ ಇಳಿ!"

ಮುಳುಗಿದ್ದರೂ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ತಂಗಿಯನ್ನು ಇಳಿಸಿದೆ, ನಾನೂ ಇಳಿದೆ. ಮಾಳಿಗೆಗಳ ಮೇಲೆಲ್ಲ ಜನ. ಅಷ್ಟು ಜನರನ್ನು ಎದುರಿಗೆ ನೋಡಿದರೆ ನನಗೆ ಏನಾಗುತ್ತದೆ, ನಿಮಗೆ ಗೊತ್ತು. ದೋಣಿಯಲ್ಲಿ ಎದ್ದು ನಿಂತೆ. "ಹೆದರಬೇಡಿರಿ, ಸಾಂಗ್ಲಿವಾಡಿಯ ಮಹಾಜನರೇ!" ಅಂದೆ. ದೋಣಿ ಹೀಗೆ ವಾಲಿತು — ಹೀಗೆ! ತುಳಸಾಬಾಯಿ ಕಿರುಚಿದಳು. ವಿಠೋಬಾ ನನ್ನ ಧೋತರ ಹಿಡಿದು ಜಗ್ಗಿದ.

"ಕುಂದ್ರೋ ರಾವಸಾಬ! ಎರಡು ನಿಮಿಷ ಬಾಯಿ ಮುಚ್ಚಿಕೊಂಡು ಕುಂದ್ರು. ಎರಡ ನಿಮಿಷ ಕೇಳಾಕತ್ತೇನಿ, ನಿನ್ನ ಹೊಲ ಕೇಳಾಕತ್ತಿಲ್ಲ!"

ಕುಳಿತೆ. ಬಾಯಿ ಮುಚ್ಚಲಿಲ್ಲ. ದಡ ಮುಟ್ಟುವವರೆಗೂ ಅವನಿಗೆ ಬೈಯುತ್ತಲೇ ಇದ್ದೆ.

ಆ ನೆರೆ ಇಳಿದ ಮೇಲೆ ಮೂರು ಪಂಚಾಯತಿಗಳೂ ಕೂಡಿ ಮಾತು ಕೊಟ್ಟುಕೊಂಡವು. ಸಮುದ್ರ ಮುನಿದರೆ ನಾವು ಘಾಟ್ ಇಳಿಯಬೇಕು, ಹೊಳೆ ಮುನಿದರೆ ಅವರು ಘಾಟ್ ಹತ್ತಬೇಕು. ವರ್ಷಕ್ಕೊಮ್ಮೆ ಮಿರಜದಲ್ಲಿ ಸಭೆ, ಕೈ ಎತ್ತಿ ಅಧ್ಯಕ್ಷನ ಆಯ್ಕೆ. ಪ್ರತಿ ವರ್ಷ ನಾನು ನಿಂತೆ. ಪ್ರತಿ ವರ್ಷ ಸೋತೆ. ನಮ್ಮ ಬಾಳಿಕಟ್ಟಿಯವರೇ ಅವನಿಗೆ ಕೈ ಎತ್ತುತ್ತಿದ್ದರು! ತಲೆ ತಗ್ಗಿಸಬೇಡಿ, ಎಲ್ಲರ ಕೈಯೂ ನೋಡಿದ್ದೇನೆ.

ಈಗ ಆ ಅಧ್ಯಕ್ಷನ ಖುರ್ಚಿ, ಅಗೋ, ಫೋಟೋದ ಪಕ್ಕದಲ್ಲಿ ಖಾಲಿ ಇದೆ.

ಈ ಮಳೆಗಾಲದ ಉಬ್ಬರ ಮಾಡಬಂದರದ ದಂಡೆಯ ಮೇಲಿನ ಮನೆಗಳ ಸಾಲನ್ನೇ ಎಳೆದುಕೊಂಡು ಹೋಗಿದೆ. ಆ ಮನೆಯವರು ಇವತ್ತಿಗೂ ಶಾಲೆಯ ಕೋಣೆಗಳಲ್ಲಿ ಮಲಗುತ್ತಿದ್ದಾರೆ. ಅವರ ಸರಪಂಚೆ ವೃಷಾಲಿ ತಾಈ ಈಗ ಬಾಗಿಲಲ್ಲಿ ನನ್ನ ಕೈ ಹಿಡಿದು ಕೇಳಿದಳು: "ಕಾಕಾ, ಆತಾ ಆಮ್ಹೀ ಕೋಣಾಕಡೇ ಯಾಯಚಂ?" — ಇನ್ನು ನಾವು ಯಾರ ಕಡೆ ಬರಬೇಕು? ಒಳಗೆ ಹೋಗಿ ಕೂರು, ಸಭೆಯಲ್ಲೇ ಹೇಳುತ್ತೇನೆ ಅಂದೆ. ಯಾಕೆಂದರೆ ನಿನ್ನೆ ಚಹಾದ ಅಂಗಡಿಯಲ್ಲಿ ನಮ್ಮ ಪಂಚಾಯತಿಯ ಸದಸ್ಯ ಈರೇಶ ಏನಂದ ಗೊತ್ತೇ? "ವಿಠೋಬಾ ಹೋದ, ಅಂವನ ಸಮುದ್ರಾನೂ ಹೋತು. ನಮಗ್ಯಾಕ್ರಿ ಉಪ್ಪುನೀರಿನ ಉಸಾಬರಿ? ನೀವ ಖುರ್ಚಿ ಹಿಡೀರಿ, ಗಪ್ ಕುಂದರ್ರಿ." ಅಂದೆಯೋ ಇಲ್ಲವೋ, ಈರೇಶ? — ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದಾನೆ. ಇರಲಿ.

ಈಗ ಒಂದು ಮಾತು ಹೇಳಬೇಕು. ನನಗೂ ವಿಠೋಬಾನಿಗೂ ಬಿಟ್ಟು ಯಾರಿಗೂ ತಿಳಿಯದ ಮಾತು. ವೈನಿ, ನಿಮಗೂ ತಿಳಿಯದು. ಆಗ ನೀವು ಚಹಾ ತರಲು ಹೋಗಿದ್ದಿರಿ.

ಅವನ ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ನಾನು ಎಳನೀರು ಹಿಡಿದು ಹೋಗಿದ್ದೆ. ಇವನು ಅಥಣಿ, ಜಮಖಂಡಿ ಕಡೆಯ ರೋಗಿಗಳ ಮನೆಯವರನ್ನೆಲ್ಲ ಹಾಸಿಗೆಯ ಸುತ್ತ ಕೂರಿಸಿಕೊಂಡು ನಗಿಸುತ್ತಿದ್ದ. ಅವರು ಎದ್ದು ಹೋದರು. ಆಮೇಲೆ ಇವನು ನನ್ನ ಕೈ ನೋಡಿದ. "ಸಾಂಗ್ಲಿ ಬಾಜಾರದ್ದೇನು? ಒಣಗ್ಯಾವ ಬಿಡು" ಅಂದ. ಹಾಸಿಗೆಯ ಕೆಳಗೆ ಮಾಡಬಂದರದಿಂದ ಬಂದ ಎಳನೀರು, ಚೀಲ ತುಂಬ! ಸಾಯುವಾಗಲೂ ನನ್ನ ಎಳನೀರು ಗೆಲ್ಲಲು ಬಿಡಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದ:

"ರಾವಸಾಬ, ಖುರ್ಚಿ ಬೇಕೇನು?"

"ಬೇಕು" ಅಂದೆ. ಸುಳ್ಳು ಯಾಕೆ ಹೇಳಲಿ?

"ಕೊಡಂಗಿಲ್ಲ."

"ಯಾಕೋ?"

"ನೀ ಕುಂತರ ಏಳಂಗಿಲ್ಲ." ಕೆಮ್ಮುತ್ತ ನಕ್ಕ. ಆಮೇಲೆ ನಗಲಿಲ್ಲ. "ಇಷ್ಟು ವರ್ಷ ಆ ಮಂದಿ ಘಾಟ್ ಹತ್ತಿ ಬಂದು ನಮ್ಮ ಮುಂದ ನಿಂತು ಕೇಳ್ಯಾರ. ಕೊಡಾವ್ರು ಕುಂತಿದ್ವಿ. ಹೊಳಿ ಬಂದಾಗ ಅವ್ರೇನು ನಮ್ಮನ್ನ ನಿಂದರಿಸಿ ಕೇಳಿದ್ರೇನೋ? ನನಗ ಇದು ಭಾಳ ತಡಾ ಮಾಡಿ ಹೊಳೀತು. ಖುರ್ಚಿ ಆ ಹುಡುಗಿ ವೃಷಾಲಿಗೆ ಹೋಗಬೇಕು. ಸಭಾದಾಗ ನೀ ಹೇಳು."

"ನಾನ? ನಾ ಯಾಕ ಹೇಳಲಿ?"

"ನಿನಗ ಗಂಟಲ ಐತಿ. ಹಿಂದಿನ ಸಾಲಿಗೆ ಕೇಳಸ್ತದ."

ಕೇಳಿಸಿತೇ, ಹಿಂದಿನ ಸಾಲಿನವರೇ?

ಸಾಕ್ಷಿ ಇಲ್ಲ. ಕಾಗದ ಇಲ್ಲ. ನಾನು ಈ ಮಾತು ನುಂಗಿದ್ದರೆ ಇವತ್ತು ನೀವೇ ನನ್ನನ್ನು ಎತ್ತಿ ಅಲ್ಲಿ ಕೂರಿಸುತ್ತಿದ್ದಿರಿ. ಆದರೆ ಅವನಿಲ್ಲದ ಅಖಾಡದಲ್ಲಿ ತೊಡೆ ತಟ್ಟಿ ನಾನು ಯಾರನ್ನು ಗೆಲ್ಲಲಿ? ಅವನು ಎದ್ದು ಹೋದ ಖುರ್ಚಿಯನ್ನು ಒರೆಸಿ ಕೂರುವವನಲ್ಲ ಈ ರಾವಸಾಬ. ನನ್ನ ಹೊಟ್ಟೆ ಉರಿಯುವುದು ಯಾಕೆ ಗೊತ್ತೇ? ನಾನು ಹೇಳಿಯೇ ಹೇಳುತ್ತೇನೆ ಅಂತ ಅವನಿಗೆ ಗೊತ್ತಿತ್ತು! ಇಷ್ಟು ಮಂದಿ ಗೆಳೆಯರನ್ನು ಬಿಟ್ಟು, ಜೀವಮಾನವೆಲ್ಲ ಕಾದಾಡಿದ ನನ್ನ ಕೈಗೇ ಆ ಮಾತು ಕೊಟ್ಟು ಹೋದ. ಅಷ್ಟು ನಂಬಿಕೆ — ನಾನು ಅವನ ಮೇಲೆ ಇಟ್ಟಿದ್ದೆನೇ? ಅಲ್ಲಿಯೂ ಅವನೇ ಮುಂದೆ.

ಆದರೂ ಖುರ್ಚಿ ಅವನ ಅಪ್ಪನದಲ್ಲ. ಕೈ ಎತ್ತಬೇಕು. ವೃಷಾಲಿ ತಾಈಗೆ ಯಾರ ಕೈ? ಇಗೋ, ಮೊದಲನೆಯದು ನನ್ನದು. ಹಾಂ — ಸಿದ್ದನವಾಡಿ. ಮಾಡಬಂದರ. ಬಾಳಿಕಟ್ಟಿ? ಈರೇಶ, ಕೈ ಎಲ್ಲಿ? ವಿಠೋಬಾನಿಗೆ ಎತ್ತುವಾಗ ಎರಡೂ ಎತ್ತುತ್ತಿದ್ದೆಯಲ್ಲ! — ಹಾಂ. ಎದ್ದಿತು.

ಬಾ ತಾಈ. ಇತ್ತ ಬಾ. ಬಸಾ, ಕುಳಿತುಕೋ. ಯಾರ ಕಡೆ ಬರಬೇಕು ಎಂದು ಕೇಳಿದೆಯಲ್ಲ? ನೀನು ಬರಬೇಡ. ಅಲ್ಲಿ ಕುಳಿತು ನಮ್ಮನ್ನು ಕರೆ.

ಸಿದ್ದನವಾಡಿಯವರೇ, ನೀವು ಯಾವಾಗ ಹೊರಡುತ್ತೀರೋ ನನಗೆ ಬೇಡ. ಬಾಳಿಕಟ್ಟಿಯ ಲಾರಿ ನಾಳೆ ಮುಂಜಾನೆ ಹೊರಡುತ್ತದೆ. ಈ ಸಲವಾದರೂ ನಾವು ಮೊದಲು ಘಾಟ್ ಇಳಿಯಬೇಕು. ಬ್ಯಾನರ್ ಇಲ್ಲ. ಆ ಅಜ್ಜಿ ಡ್ರೈವರ್ ಅಂದರೆ, ಹೌದವ್ವಾ, ಡ್ರೈವರೇ ಅನ್ನುತ್ತೇನೆ.

ವಿಠೋಬಾ — ದೋಣಿಯಲ್ಲಿ ನೀನು ಕೇಳಿದ್ದು ಎರಡೇ ನಿಮಿಷ. ಕಂಪನಿಯ ಮಾಲೀಕನಿಗೆ, ಹೆಂಡತಿಗೆ, ಕಲೆಕ್ಟರಿಗೆ ಯಾರಿಗೂ ಕೊಡದ ಎರಡು ನಿಮಿಷ. ನಿನಗೂ ಕೊಡಲಿಲ್ಲ.

ಬಂಧುಗಳೇ, ಎದ್ದು ನಿಲ್ಲಿ. ತಾಂಡೇಲರೇ, ಇದು ದೋಣಿಯಲ್ಲ, ನಾನೂ ನಿಲ್ಲಬಹುದು. ವೈನಿ, ನೀವು ಕುಳಿತಿರಿ. ಎರಡು ನಿಮಿಷ, ಯಾರೂ ಮಾತಾಡಬೇಡಿ.

ತಗೋ ವಿಠೋಬಾ. ಇದನ್ನೂ ನೀನೇ ಗೆದ್ದೆ.

ಬಾಯಿ ಮುಚ್ಚುತ್ತೇನೆ —