ಲಿಫ್ಟಿನ ಹೊರಗೆ ನಿಂತು ಮಾತಾಡುವವರು

ಬೇಡ, ನೀರೂ ಬೇಡ. ಬಾಗಿಲು ಮಾತ್ರ ಹಾಕ್ಬೇಡಿ ಮೇಡಂ... ಯಾಕೆ ನಗ್ತೀರಾ? ಲಿಫ್ಟ್ ಮೆಕ್ಯಾನಿಕ್ ನಾನು. ಒಳಗೆ ಹೋಗೋ ಮುಂಚೆ ಹೊರಗೆ ಬರೋ ದಾರಿ ನೋಡ್ಕೊಳ್ಳೋ ಜಾತಿ.

ಸೂಜಿ ಇಲ್ಲ, ಔಷಧಿ ಇಲ್ಲ. ಎರಡು ಕುರ್ಚಿ, ಈ ಟಿಶ್ಯೂ ಡಬ್ಬ... ಅದೂ ನನ್ನ ಕಡೆಗೇ ತಳ್ಳಿ ಇಟ್ಟಿದ್ದೀರಿ! ಕ್ಯಾನ್ಸರ್ ಬಂದಿರೋದು ಹೊಟ್ಟೆಗೆ, ತಲೆಗಲ್ಲ. ಮೂರನೇ ಕೀಮೋ ಡ್ರಿಪ್ ಆದ್ಮೇಲೆ ಡಾಕ್ಟರು, 'ಕೌನ್ಸೆಲಿಂಗಿಗೆ ಹೋಗಿ, ಊಟ, ನಿದ್ದೆ, ಭಯ ಎಲ್ಲಾ ಹೇಳ್ಕೊಡ್ತಾರೆ' ಅಂದ್ರಲ್ಲ, ಆಗ್ಲೇ ನಂಗೆ ಗುಮಾನಿ ಬಂತು.

ಎಂಥಾ ಗುಮಾನಿನಾ? ಕೇಳಿ. ಲಿಫ್ಟ್ ಮಧ್ಯದಲ್ಲಿ ನಿಂತ್ರೆ ಒಬ್ಬ ಮೇಲೆ ಮೋಟಾರಿನ ಹತ್ರ ಓಡ್ತಾನೆ. ಇನ್ನೊಬ್ಬ ಬಾಗಿಲ ಹತ್ರ ನಿಂತು, ಒಳಗಿದ್ದವರ ಜೊತೆ ಮಾತಾಡ್ತಾನೆ. 'ಹೆದರ್ಬೇಡಿ, ಎರಡೇ ನಿಮಿಷ.' ಆ ಎರಡು ನಿಮಿಷದವನು ನಾನೇ! ಬೇಗ ಸರಿಹೋಗೋ ಹಾಗಿದ್ರೆ ಮಾತಿಗೆ ಪುರುಸೊತ್ತೆಲ್ಲಿ ಮೇಡಂ? ಮೇಲಿನವನು ಕೈಚೆಲ್ಲಿದ್ರೇನೇ ನಮ್ಮ ಮಾತು ಜಾಸ್ತಿ. ಈಗ ಹೇಳಿ... ಡಾಕ್ಟರು ಕೈಚೆಲ್ಲಿದ್ದಾರೆ, ಅಲ್ವಾ?

ಇಲ್ಲ ಅಂತ ತಲೆ ಆಡಿಸೋದು ಸುಲಭ.

ಇವತ್ತಿನ ಡ್ರಿಪ್ಪಾ? ಬೆಳಗ್ಗೆನೇ ಆಯ್ತಲ್ಲ! ಇಗೋ, ಕೈ ಮೇಲೆ ಪ್ಲಾಸ್ಟರ್. ಹೊರಗೆ ಕೂತಿದ್ದಾಳಲ್ಲ ನಮ್ಮನೆಯವಳು, ಅವಳನ್ನೇ ಕೇಳಿ. ಕೆಲಸ ಮುಗಿಸ್ಕೊಂಡು ಬಂದವಳು ಮೊದಲು ಪ್ಲಾಸ್ಟರ್ ನೋಡಿದ್ಲು, ಆಮೇಲೆ ನನ್ನ ಮುಖ. ಇಲ್ಲಿಗೆ ಎಳ್ಕೊಂಡು ಬಂದವಳೂ ಅವಳೇ.

ಬಾಗಿಲ ಹತ್ರ ಯಾರೂ ಮಾತಾಡದೇ ಇದ್ರೆ ಏನಾಗುತ್ತೆ ಅಂತೀರಾ? ಒಳ್ಳೇ ಪ್ರಶ್ನೆ ಕೇಳ್ತೀರಪ್ಪ! ಒಳಗಿನವನು ಬಾಗಿಲು ಮೀಟಿ ಹೊರಗೆ ಹಾರೋಕೆ ನೋಡ್ತಾನೆ. ಎರಡು ಮಹಡಿ ನಡುವೆ, ಕಾಲಿಗೆ ನೆಲ ಸಿಗಲ್ಲ. ಮೇಲಿನವನು ಪಾಪ ರಿಪೇರಿ ಮಾಡ್ತಾನೇ ಇರ್ತಾನೆ, ಇವನು ಅಷ್ಟರಲ್ಲಿ... ನನ್ನ ಸರ್ವೀಸಿನಲ್ಲಿ ಒಳಗೇ ಕೂತಿದ್ದವರು ಯಾರೂ ಸತ್ತಿಲ್ಲ ಮೇಡಂ. ಹಾರಿದವರೇ...

ಹಾರಿದವರೇ.



ಕೈ ಯಾಕೆ ನೋಡ್ತೀರಾ? ಸೂಜಿ ಗುರುತು ಕಾಣ್ತಿಲ್ವಾ? ಬೆವರಿಗೆ ಬಿಚ್ಕೊಂಡಿದೆ, ಅಷ್ಟೇ. ಅಂಟಿಸ್ತೀನಿ ಇರಿ... ಥೂ, ನಿಲ್ತಾನೇ ಇಲ್ಲ. ಹೋದ ಸಲ ಕೊಂಡಿದ್ದು ರಾತ್ರಿವರೆಗೂ ಗಟ್ಟಿಯಾಗಿತ್ತು. ಇದು ಬೇರೆ ಅಂಗಡೀದು...

...

ಏನಾದ್ರೂ ಅನ್ನಿ ಮೇಡಂ. ಬೈಯಿರಿ ಬೇಕಾದ್ರೆ.

ಆ ಬಾಗಿಲು... ಹಾಕಿಬಿಡಿ. ಅವಳಿಗೆ ಕೇಳ್ಸೋದು ಬೇಡ.

ಹಾಕಿದ್ರಾ?

ಮೇಲೆ... ಮೋಟಾರಿನ ಹತ್ರ... ಇನ್ನೂ ಯಾರಾದ್ರೂ ಇದ್ದಾರಾ?