ಎಡಗೈ ಹೆಬ್ಬೆರಳಿನ ಬಗ್ಗೆ ದೊಡ್ಡ ಸೊಸೆಯ ಹೇಳಿಕೆ

ನನ್ನ ವಯಸ್ಸು ನಲವತ್ತೆರಡು. ಉದ್ಯೋಗ, ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಂತ್ರಜ್ಞೆ. ವಾಸ, ಅದೇ ಆಸ್ಪತ್ರೆಯ ಹಿಂದಿನ ರಸ್ತೆ, ಔಷಧಿ ಅಂಗಡಿಯ ಮೇಲಿನ ಮನೆ. ಮನೆಯಲ್ಲಿ ನನ್ನನ್ನು ದೊಡ್ಡವಳು ಎಂದೂ ನನ್ನ ಓರಗಿತ್ತಿಯನ್ನು ಚಿಕ್ಕವಳು ಎಂದೂ ಕರೆಯುತ್ತಾರೆ. ಚಿಕ್ಕವಳು ಅದೇ ಥಿಯೇಟರಿನಲ್ಲಿ ಅರಿವಳಿಕೆ ಡಾಕ್ಟರ್. ತನ್ನ ತಾಯಿಯ, ಅಂದರೆ ನಮ್ಮ ಅತ್ತೆಯವರ, ಜೀವಕ್ಕೆ ಅಪಾಯ ತಂದಳೆಂದು ನಮ್ಮ ನಾದಿನಿ ಅವಳ ಮೇಲೆ ಕೊಟ್ಟ ದೂರಿನ ಸಂಬಂಧ ಠಾಣೆಗೆ ಬಂದು ಬರೆಸುವುದೇನೆಂದರೆ:

ಮನೆಯಲ್ಲಿ ಅವಳು ನನ್ನನ್ನು ಅಕ್ಕಾ ಎನ್ನುತ್ತಾಳೆ. ಥಿಯೇಟರಿನಲ್ಲಿ ನಾನು ಅವಳನ್ನು ಮೇಡಂ ಎನ್ನಬೇಕು. ಅತ್ತೆಯವರಿಗೆ ಅವಳು ಕೂತರೂ ಚೆಂದ, ನಿಂತರೂ ಚೆಂದ. ಅವಳು ಚಹಾ ಕೆಡಿಸಿದರೆ ಪಾಪ, ದಣಿದು ಬಂದಿದ್ದಾಳೆ. ನಾನು ಕೆಡಿಸಿದರೆ ನನ್ನ ಕೈಗುಣ. ಹೊಟ್ಟೆಕಿಚ್ಚು ಎಂದು ಬರೆದುಕೊಳ್ಳುವುದಾದರೆ ಬರೆದುಕೊಳ್ಳಿ, ಅದು ಹೊಟ್ಟೆಕಿಚ್ಚೇ.

ಹೋದ ವರ್ಷ ಅತ್ತೆಯವರ ಎಡಗೈಗೆ ಲಕ್ವ ಹೊಡೆದು ಲೋಟ ಜಾರಿತು. ಆಗ ಮನೆಯಲ್ಲಿ ಇದ್ದದ್ದು ನಾನೊಬ್ಬಳೇ. ಬೇರೆ ಆಸ್ಪತ್ರೆಗೆ ಕರೆದೊಯ್ದು ತೋರಿಸಿದೆ. ಕೈ ಪೂರ್ತಿ ಸರಿಹೋಗಲಿಲ್ಲ. ಚಿಕ್ಕೋಳಿಗೆ ಹೇಳ್ಬೇಡ ಕಣೇ, ಕಾಯಿಲೆಯವಳ ಥರ ನೋಡೋಕೆ ಶುರು ಮಾಡ್ತಾಳೆ, ಇದು ನಮ್ಮಿಬ್ಬರಲ್ಲೇ ಇರಲಿ ಎಂದರು. ನಾನು ಈ ಮನೆ ಸೇರಿದಾಗಿನಿಂದ ಅತ್ತೆ ನಮ್ಮಿಬ್ಬರಲ್ಲಿ ಎಂದದ್ದು ಅದೊಂದೇ ಸಲ. ಅಂದಿನಿಂದ ಬಾಗಿಲು ಮುಚ್ಚಿಕೊಂಡು ಅವರ ರವಿಕೆಯ ಗುಂಡಿ ಹಾಕುವವಳು ನಾನೇ.

ಮಂಗಳವಾರ ಅವರಿಗೆ ಪಿತ್ತಕೋಶದ ಆಪರೇಷನ್ ಇತ್ತು. ಅರಿವಳಿಕೆಗೆ ಚಿಕ್ಕವಳೇ ಬೇಕೆಂದು ಅತ್ತೆ ಹಠ ಹಿಡಿದಿದ್ದರು. ಹಿಂದಿನ ದಿನ ಅವಳು ಹಳೇ ಕಾಯಿಲೆ ಏನಾದರೂ ಇದೆಯೇ ಎಂದು ಕೇಳಿದಾಗ ಏನೂ ಇಲ್ಲ ಎಂದರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಸ್ನಾಯು ಸಡಿಲಿಸುವ ಔಷಧ ಕೊಟ್ಟ ಮೇಲೆ ರೋಗಿ ತಾನಾಗಿ ಉಸಿರಾಡಲಾರರು, ಗಂಟಲಿಗೆ ಕೊಳವೆ ಹಾಕಿ ಯಂತ್ರದಿಂದ ಉಸಿರಾಡಿಸುತ್ತೇವೆ. ಔಷಧದ ಪ್ರಭಾವ ಎಷ್ಟು ಇಳಿಯಿತೆಂದು ತಿಳಿಯಲು ಮಣಿಕಟ್ಟಿಗೆ ಪಟ್ಟಿ ಅಂಟಿಸಿ ಸಣ್ಣ ಕರೆಂಟು ಕೊಡುತ್ತೇವೆ. ಹೆಬ್ಬೆರಳು ನಾಲ್ಕು ಸಲ ಕುಣಿಯಬೇಕು. ನಾಲ್ಕನೆಯದೂ ಮೊದಲಿನಷ್ಟೇ ಜೋರಾಗಿದ್ದರೆ ಕೊಳವೆ ತೆಗೆಯಬಹುದು. ಬಲಗೈಯಲ್ಲಿ ಸಲೈನ್ ಇದ್ದುದರಿಂದ ಪಟ್ಟಿಯನ್ನು ಎಡಗೈಗೆ ಅಂಟಿಸಲು ಚಿಕ್ಕವಳು ಹೇಳಿದಳು. ಸೋತ ಕೈ ನಿಧಾನವಾಗಿ ಕುಣಿಯುತ್ತದೆ, ಹೆಚ್ಚೆಂದರೆ ಕೊಳವೆ ತೆಗೆಯುವುದು ತಡವಾದೀತು, ನಮ್ಮ ಗುಟ್ಟೂ ಉಳಿಯುತ್ತದೆ ಎಂದುಕೊಂಡು ಸರಿ ಮೇಡಂ ಎಂದೆ.

ಆದದ್ದು ತಿರುಗುಮುರುಗು. ಆಪರೇಷನ್ ಮುಗಿದು ಬೆಳಿಗ್ಗೆ ಹತ್ತು ನಲವತ್ತಕ್ಕೆ ಹೆಬ್ಬೆರಳು ನಾಲ್ಕು ಸಲವೂ ಒಂದೇ ಸಮ ಕುಣಿಯಿತು. ಚಿಕ್ಕವಳು ಮತ್ತೊಮ್ಮೆ ನೋಡಿಯೇ ಕೊಳವೆ ತೆಗೆದಳು. ಅತ್ತೆ ಬಾಯಿ ತೆರೆದರು, ಉಸಿರು ಒಳಗೆ ಹೋಗಲಿಲ್ಲ. ತುಟಿ ನೀಲಿಗಟ್ಟಿತು. ಅವಳು ಮುಖಕ್ಕೆ ಮಾಸ್ಕ್ ಒತ್ತಿ ಗಾಳಿ ಕೊಡುತ್ತಾ, ಪಟ್ಟೀನ ಬಲಗೈಗೆ ಹಾಕು ಅಕ್ಕಾ ಎಂದು ಕೂಗಿದಳು. ಥಿಯೇಟರಿನಲ್ಲಿ ಅಕ್ಕಾ ಎಂದದ್ದು ಅದೇ ಮೊದಲು. ಬಲಗೈ ಹೆಬ್ಬೆರಳು ಎರಡು ಸಲ ಅಲುಗಿ ನಿಂತುಬಿಟ್ಟಿತು, ಔಷಧ ಇನ್ನೂ ಇಳಿದಿರಲಿಲ್ಲ. ಅವಳು ಮತ್ತೆ ಕೊಳವೆ ಹಾಕಿ ಜೀವ ಉಳಿಸಿದಳು. ಅತ್ತೆ ಈಗ ವಾರ್ಡಿನಲ್ಲಿ ಚೆನ್ನಾಗಿದ್ದಾರೆ.

ಎರಡು ಕೈಗಳ ವ್ಯತ್ಯಾಸದಿಂದಲೇ ಅವಳಿಗೆ ಲಕ್ವದ ಸುಳಿವು ಸಿಕ್ಕಿತ್ತು. ಲಕ್ವ ಹೊಡೆದ ಕೈ ಈ ಔಷಧಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಅದರ ಕುಣಿತ ನಂಬಬಾರದು ಎಂದು ಆಮೇಲೆ ಕೈ ತೊಳೆಯುತ್ತಾ ಅವಳು ಹೇಳಿದಳು. ನಿಂಗೆ ಗೊತ್ತಿತ್ತಾ ಅಕ್ಕಾ ಎಂದು ಕೇಳಿದಳು. ನಾನು ಅವಳ ಕೈಗೆ ಟವೆಲ್ ಕೊಟ್ಟೆ. ಅವಳು ಇನ್ನೊಮ್ಮೆ ಕೇಳಲಿಲ್ಲ.

ಕೈ ಪರೀಕ್ಷಿಸದಿದ್ದದ್ದು ತನ್ನದೇ ತಪ್ಪು, ಕೆಲಸ ಹೋದರೂ ಹೋಗಲಿ, ಅಕ್ಕನಿಗೆ ಏನೂ ಗೊತ್ತಿರಲಿಲ್ಲ ಎಂದು ಅವಳು ನಿನ್ನೆ ಇಲ್ಲಿ ಬರೆಸಿದ್ದನ್ನು ತಾವು ಈಗ ಓದಿ ಹೇಳಿದಿರಿ. ನೋಡಿದಿರಾ ಸಾರ್, ಇಲ್ಲೂ ಒಳ್ಳೆಯವಳು ಅವಳೇ! ಅತ್ತೆ ಆಗಲೇ ಗಂಟಲು ನೋವಿನಲ್ಲೂ ಪಾಪ ಚಿಕ್ಕೋಳು, ಪಾಪ ಚಿಕ್ಕೋಳು ಎನ್ನುತ್ತಿದ್ದಾರೆ.

ಅವಳು ಬರೆಸಿದ್ದು ಸುಳ್ಳು. ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಅತ್ತೆ ಆ ಗುಟ್ಟನ್ನು ನನ್ನೊಬ್ಬಳ ಹತ್ತಿರವೇ ಇಟ್ಟಿದ್ದರು. ಎಲ್ಲವನ್ನೂ ಅವಳಿಗೆ ಬಿಟ್ಟುಕೊಟ್ಟಿದ್ದೇನೆ, ಇದನ್ನು ಕೊಡಲಾರೆ. ತಪ್ಪನ್ನು ನನ್ನ ಹೆಸರಿಗೇ ಬರೆದುಕೊಳ್ಳಿ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ಒಂದು ಮಾತೂ ಬೇರೆಯವರದಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನ: ಶುಕ್ರವಾರ
ಸಹಿ/-
(ದೊಡ್ಡ ಸೊಸೆ)